ನೆಲಮಾಳಿಗೆಗೆ ಇಳಿಯುವ ಇನ್ನೂರೈವತ್ತು ಕಿಲೋ

ಅಮೆರಿಕ, ಕೆನಡಾದ ಮನೆಗಳಲ್ಲಿ ಮರಗೆಲಸಕ್ಕೆ ಜಾಗ ಸಿಗುವುದು ಹೆಚ್ಚಾಗಿ ಬೇಸ್‌ಮೆಂಟಿನಲ್ಲಿ. ಅಲ್ಲಿ ನೆಲೆಸಿದ ಕನ್ನಡಿಗರೂ ಬೀಡುಕಬ್ಬಿಣದ ಹಳೆಯ ಬ್ಯಾಂಡ್‌ಸಾ (ಎರಡು ಗಾಲಿಗಳ ಮೇಲೆ ಸುತ್ತುವ ಪಟ್ಟಿಗರಗಸದ ಯಂತ್ರ) ಒಂದನ್ನು ಕೊಂಡರೆ ಮೊದಲು ಎದುರಾಗುವುದು ಆ ಕಡಿದಾದ ಮೆಟ್ಟಿಲು. ನಾಲ್ಕು ಜನ ಗಟ್ಟಿಗರನ್ನು ಕರೆದರಾಯಿತು ಎಂದುಕೊಳ್ಳುವುದು ಸಹಜ. ಆದರೆ ಭಾರವನ್ನು ಕೆಳಕ್ಕೆ ಒಯ್ಯುವ ಕೆಲಸವನ್ನು ಭೂಮಿಯೇ ಮಾಡುತ್ತದೆ. ನಮ್ಮ ಪಾಲಿಗೆ ಉಳಿಯುವುದು ತಡೆಹಿಡಿಯುವ ಕೆಲಸ, ಅದಕ್ಕೆ ತೋಳಿಗಿಂತ ಘರ್ಷಣೆ ಮೇಲು.

250 ಕಿಲೋ ತೂಗುವ ಬ್ಯಾಂಡ್‌ಸಾ ಇದೆ ಎನ್ನೋಣ. ಮೋಟಾರು, ಮೇಜು, ಗಾಲಿಗಳನ್ನು ಬಿಚ್ಚಿದರೆ 180 ಕಿಲೋ ಸುಮಾರಿಗೆ ಇಳಿಯಬಹುದು. ಬಿಚ್ಚುವಾಗ ಮೇಜಿನ ಕೆಳಗೆ ಕಾಗದದಷ್ಟು ತೆಳುವಾದ ತಗಡಿನ ಚೂರುಗಳು ಸಿಕ್ಕರೆ ಎಸೆಯಬೇಡಿ. ಮೇಜನ್ನು ಮಟ್ಟಕ್ಕೆ ತರಲು ಕೊಟ್ಟಿರುವ ಚೂರುಗಳವು. ಯಾವುದು ಯಾವ ಬೋಲ್ಟಿನದು ಎಂದು ಬರೆದು ಪೊಟ್ಟಣ ಕಟ್ಟಿಡಿ. ಯಂತ್ರವನ್ನು ಮೇಜು ಹಿಡಿದು ಎತ್ತುವುದಂತೂ ಸಲ್ಲದು. ಬೀಡಿನೊಳಗೆ ಗ್ರಾಫೈಟ್ ಸಣ್ಣ ಸಣ್ಣ ಹಾಳೆಗಳಂತೆ ಹರಡಿರುತ್ತದೆ, ಒಂದೊಂದು ಹಾಳೆಯೂ ಒಂದು ಸಿದ್ಧ ಬಿರುಕಿದ್ದಂತೆ. ಒತ್ತಿದರೆ ಬೀಡು ಬಲು ಗಟ್ಟಿ, ಎಳೆದರೆ ಅದರ ಮೂರನೇ ಒಂದು ಪಾಲಷ್ಟೇ ತಾಳಿಕೆ. ಬಾಗುವ ಬದಲು ಮುನ್ಸೂಚನೆಯಿಲ್ಲದೆ ಸೀಳುತ್ತದೆ.

ಇನ್ನು ನಿಲುವು. ಬ್ಯಾಂಡ್‌ಸಾದ ತೂಕದ ಬಹುಪಾಲು ಮೇಲ್ಗಡೆ ಇರುತ್ತದೆ. ಅಡಿಪಾಯ 45 ಸೆಂ.ಮೀ. ಅಗಲ, ಗುರುತ್ವಕೇಂದ್ರ 90 ಸೆಂ.ಮೀ. ಎತ್ತರದಲ್ಲಿದ್ದರೆ 14 ಡಿಗ್ರಿ ವಾಲಿದೊಡನೆ ಯಂತ್ರ ಉರುಳುತ್ತದೆ. ಅಮೆರಿಕದ ಮಾದರಿ ಕಟ್ಟಡ ನಿಯಮ ಒಪ್ಪುವ ಅತಿ ಕಡಿದಾದ ಮೆಟ್ಟಿಲು ಏಳೂಮುಕ್ಕಾಲು ಇಂಚು ಎತ್ತರ, ಹತ್ತು ಇಂಚು ಅಗಲದ್ದು, ಅಂದರೆ ಸುಮಾರು 38 ಡಿಗ್ರಿ. ಆದ್ದರಿಂದ ಯಂತ್ರವನ್ನು ಬೆನ್ನಿನ ಮೇಲೆ ಮಲಗಿಸಿ, ದಪ್ಪ ಪ್ಲೈವುಡ್ಡಿಗೆ ಎರಡು ಉದ್ದ ರೀಪು ಹೊಡೆದ ಜಾರುಬಂಡಿಗೆ ಬಿಗಿಯಬೇಕು. ರೀಪುಗಳ ಮೂತಿಯನ್ನು ಓರೆಯಾಗಿ ಕೆತ್ತದಿದ್ದರೆ ಕೆಳಗೆ ಹಾಸುವ ಹಲಗೆಯ ಸಂದಿಗೆ ಸಿಕ್ಕಿಕೊಳ್ಳುತ್ತದೆ.

ಮೆಟ್ಟಿಲ ಮೇಲೆ 16 ಅಡಿಯ ಎರಡು ಹಲಗೆ ಹಾಸಿ, ಅಡ್ಡಪಟ್ಟಿ ಹೊಡೆದು ಒಂದಾಗಿಸಿ. ಹಲಗೆಯ ಕೆಳತುದಿ ಜಾರದಂತೆ ಎದುರು ಗೋಡೆಗೆ ಅಡ್ಡೆ ಕೊಡಿ. ಮೆಟ್ಟಿಲು ಮರದ್ದಾದರೆ ಅದರ ಪಕ್ಕದ ತೊಲೆಗಳಿಗೆ ನಡುವೆ ಊರುಗಂಬ ನಿಲ್ಲಿಸುವುದು ಒಳ್ಳೆಯದು.

ಈಗ ಲೆಕ್ಕ. 180 ಕಿಲೋದಲ್ಲಿ ಇಳಿಜಾರಿನ ಗುಂಟ ಎಳೆಯುವ ಪಾಲು ಸುಮಾರು 110 ಕಿಲೋ, ಹಲಗೆಯನ್ನು ಒತ್ತುವ ಪಾಲು ಸುಮಾರು 142 ಕಿಲೋ. ಮರಕ್ಕೆ ಮರ ಉಜ್ಜುವ ಘರ್ಷಣಾಂಕ, ಅಂದರೆ ಒತ್ತುವ ಭಾರದಲ್ಲಿ ಘರ್ಷಣೆ ತಡೆಯುವ ಪಾಲು, 0.3 ಎಂದು ಹಿಡಿದರೆ 43 ಕಿಲೋವನ್ನು ಹಲಗೆಯೇ ತಡೆಯುತ್ತದೆ. ಉಳಿದ 67 ಕಿಲೋವನ್ನು ಬಂಡಿಗೆ ಕಟ್ಟಿದ ಹಗ್ಗ ತಡೆಯಬೇಕು. ಬೆದರಿದ ಹೋರಿಯ ಹಗ್ಗವನ್ನು ಮರಕ್ಕೊಂದು ಸುತ್ತು ಹಾಕಿ ಹಿಡಿಯುವ ರೈತನ ಜಾಣತನವೇ ಇಲ್ಲಿ ಕೆಲಸಕ್ಕೆ ಬರುವುದು. ಅದರ ಗಣಿತವನ್ನು 18ನೇ ಶತಮಾನದಲ್ಲಿ ಲಿಯೊನಾರ್ಡ್ ಆಯ್ಲರ್ ಬಿಡಿಸಿಟ್ಟ. ಘರ್ಷಣಾಂಕ 0.3 ಇರುವ ದುಂಡನೆಯ ತೊಲೆಗೆ ಒಂದು ಪೂರ್ತಿ ಸುತ್ತು ಹಾಕಿದರೆ ನಮ್ಮ ಹಿಡಿತ 6.6 ಪಟ್ಟಾಗುತ್ತದೆ, ಎರಡು ಸುತ್ತಿಗೆ 43 ಪಟ್ಟು. ಸುತ್ತು ಹೆಚ್ಚಿದಂತೆ ಬಲ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. 67 ಕಿಲೋವನ್ನು ಒಂದು ಸುತ್ತಿನಲ್ಲಿ ಹತ್ತು ಕಿಲೋ ಬಲ ತಡೆದರೆ, ಎರಡು ಸುತ್ತಿನಲ್ಲಿ ಒಂದೂವರೆ ಕಿಲೋ ಸಾಕು. ಮೂರನೆಯ ಸುತ್ತು ಬೇಡ. ಆಗ ಹಗ್ಗ ಬಿಡಿಸಿಕೊಳ್ಳದೆ ಕಚ್ಚಿಕೊಳ್ಳುತ್ತದೆ, ಸಡಿಲಿಸಲು ಹೋಗಿ ಒಮ್ಮೆಲೇ ಜಾರಿಬಿಡುತ್ತದೆ.

ಈ ತೊಲೆಯನ್ನು ಮೆಟ್ಟಿಲ ಕಟಕಟೆಗೋ ಬಾಗಿಲ ಚೌಕಟ್ಟಿಗೋ ಮೊಳೆ ಹೊಡೆದು ನಿಲ್ಲಿಸಬೇಡಿ. ಮೆಟ್ಟಿಲಿಗೆ ನೇರ ಹಿಂದಿರುವ ಇನ್ನೊಂದು ಬಾಗಿಲಿನ ಆಚೆ ಬದಿಗೆ ಅಡ್ಡಲಾಗಿ ಇಟ್ಟರೆ ಹಗ್ಗದ ಎಳೆತಕ್ಕೆ ಅದು ಎರಡೂ ಕಡೆಯ ಗೋಡೆಗೆ ಒತ್ತಿ ಕೂರುತ್ತದೆ. ಗೋಡೆಯೊಳಗಿನ ಮರದ ಕಂಬಗಳ ಮೇಲೇ ಅದು ಕೂತಿದೆಯೇ ಎಂದು ನೋಡಿಕೊಳ್ಳಿ.

ಹಗ್ಗದ ವಿಚಾರದಲ್ಲಿ ಜಿಪುಣತನ ಬೇಡ. 180 ಕಿಲೋ ಯಂತ್ರ 2.75 ಮೀಟರು ಇಳಿಯುವಾಗ ಸುಮಾರು 4,850 ಜೌಲ್ ಶಕ್ತಿ ಬಿಡುಗಡೆಯಾಗುತ್ತದೆ. ಹಲಗೆ ನುಂಗಿದ್ದು ಕಳೆದು ಸುಮಾರು 3,000 ಜೌಲ್ ತೊಲೆಯ ಮೇಲೆ ಶಾಖವಾಗುತ್ತದೆ. ನಿಧಾನವಾಗಿ ಬಿಟ್ಟರೆ ಆ ಶಾಖ ಹಗ್ಗದುದ್ದಕ್ಕೂ ಹಂಚಿಹೋಗುತ್ತದೆ. ಸರ್ರನೆ ಬಿಟ್ಟರೆ 160 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುವ ಅಗ್ಗದ ಪಾಲಿಪ್ರೊಪಿಲೀನ್ ಹಗ್ಗದ ಮೈ ಹೊಳಪೇರಿ ನುಣುಪಾಗುತ್ತದೆ, ಹಿಡಿತ ತಪ್ಪುತ್ತದೆ. ನೈಲಾನ್ ರಬ್ಬರಿನಂತೆ ಹಿಗ್ಗಿ ಎಳೆದಾಡುತ್ತದೆ. ಈ ಕೆಲಸಕ್ಕೆ 12 ಮಿ.ಮೀ. ಪಾಲಿಯೆಸ್ಟರ್ ಹಗ್ಗ ಹೇಳಿ ಮಾಡಿಸಿದ್ದು.

ಅವಘಡಗಳು ಹೆಚ್ಚಾಗಿ ಎರಡು ಗಳಿಗೆಯಲ್ಲಿ ಆಗುತ್ತವೆ. ಮೊದಲನೆಯದು ಮೇಲಿನ ಅಂಚು. ಗುರುತ್ವಕೇಂದ್ರ ಅಂಚು ದಾಟುವ ತನಕ ಬಂಡಿ ಸಮತಟ್ಟಾಗಿ ತಣ್ಣಗಿರುತ್ತದೆ, ದಾಟಿದ ಕ್ಷಣ ಮೂತಿ ಕುಕ್ಕಿ 38 ಡಿಗ್ರಿಗೆ ಬೀಳುತ್ತದೆ. ಹಗ್ಗ ಅದಕ್ಕೆ ಮುಂಚೆಯೇ ಬಿಗಿಯಾಗಿರಬೇಕು. ಎರಡನೆಯದು ನಡುವೆ ಬಂಡಿ ಸಿಕ್ಕಿ ನಿಂತಾಗ. ನಿಂತ ವಸ್ತುವಿನ ಘರ್ಷಣೆ ಜಾರುವ ವಸ್ತುವಿನದಕ್ಕಿಂತ ಹೆಚ್ಚು. ಹಗ್ಗ ಸಡಿಲವಿರುವಾಗ ಹಾರೆಯಿಂದ ಮೀಟಿದರೆ, ಅಲುಗಾಡಿದ್ದೇ ತಡ, ಸಡಿಲವಿದ್ದಷ್ಟೂ ದೂರ ಧುಮುಕಿ ಹಗ್ಗವನ್ನು ಜಗ್ಗುತ್ತದೆ. ಮೊದಲು ಸಡಿಲ ತೆಗೆಯಿರಿ, ಆಮೇಲೆ ಮೀಟಿ.

ಬಂಡಿಯ ಕೆಳಗಡೆ ಮೆಟ್ಟಿಲ ಮೇಲೆ ಯಾರೂ ನಿಲ್ಲಕೂಡದು. ಹಗ್ಗ ಹರಿದರೆ ಹಲಗೆಯ ಘರ್ಷಣೆ ಇದ್ದೂ ಅದು ತಳ ಮುಟ್ಟುವಾಗ ಗಂಟೆಗೆ 20 ಕಿ.ಮೀ. ವೇಗದಲ್ಲಿರುತ್ತದೆ. ಅದನ್ನು ಕೈಯಿಂದ ತಡೆಯಬಲ್ಲವರಿಲ್ಲ.

ಕೆಳಗೆ ಇಳಿದ ಮೇಲೆ ಮುಕ್ಕಾಲು ಇಂಚಿನ ನಾಲ್ಕು ಜಿಐ ಪೈಪು ತುಂಡುಗಳ ಮೇಲೆ ಉರುಳಿಸಿ ಜಾಗಕ್ಕೆ ಒಯ್ಯಬಹುದು, ಒಬ್ಬರೇ ಸಾಕು. ಚಳಿಗಾಲದಲ್ಲಿ ಹೊರಗಿನಿಂದ ಬಂದ ಬೀಡು ಬೆಚ್ಚನೆಯ ಕೋಣೆಯಲ್ಲಿ ಬೆವರುತ್ತದೆ. ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂತು, ಒರೆಸದಿದ್ದರೆ ರಾತ್ರಿ ಬೆಳಗಾಗುವುದರೊಳಗೆ ಮೇಜಿಗೆ ಕಂದು ತುಕ್ಕು ಹತ್ತಬಹುದು. ಅದಕ್ಕೇ ಟ್ರಕ್ಕಿನಿಂದ ಇಳಿಸುವ ಮೊದಲೇ ಮೇಜಿಗೆ ಪೇಸ್ಟ್ ವ್ಯಾಕ್ಸ್ ಹಚ್ಚಿ, ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿರಬೇಕು. ಬೀಡು ಕೋಣೆಯಷ್ಟೇ ಬೆಚ್ಚಗಾದ ಮೇಲೆ ಹಾಳೆ ತೆಗೆಯಿರಿ.