ಕೋಡ್ ಮುಟ್ಟಿಲ್ಲ, ಆದರೂ ಕಂಪೈಲ್ ಆಗಲ್ಲ: ಹೆಡರ್ ಜಗಳದ ಹಿನ್ನೆಲೆ

ಕುಶಾಲನಗರ, ಪೊನ್ನಂಪೇಟೆಯ ಇಂಜಿನಿಯರಿಂಗ್ ಹುಡುಗರು ನನಗೆ ಆಗಾಗ ಒಂದೇ ಥರದ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಲಿನಕ್ಸ್‌ನ ಹಳೇ ಸಿಸ್ಟಂ ಟೂಲ್ ಒಂದನ್ನು ಹೊಸ ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಮಾಡಲು, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿಸಲು, ಕೂತಿರುತ್ತಾರೆ. ಪರದೆ ತುಂಬ ‘ರೀಡೆಫಿನಿಷನ್’ ಎರರ್: ಒಂದೇ ಹೆಸರನ್ನು ಎರಡು ಸಲ ವಿವರಿಸಲಾಗಿದೆ ಎಂಬ ದೂರು. ಜೊತೆಗೆ ಒಂದು ಸಾಲು: ‘ಅಣ್ಣಾ, ನಾನೇನೂ ಬದಲಾಯಿಸಿಲ್ಲ.’

ಅವರ ಮಾತು ನಿಜ. ತಪ್ಪು ಅವರದ್ದಲ್ಲ.

ಬೇರು ಇರುವುದು 1972–73ರಲ್ಲಿ. ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ತಮ್ಮ ಸಿ ಭಾಷೆಗೆ ಪ್ರಿಪ್ರೊಸೆಸರ್ (ಕಂಪೈಲರ್‌ಗಿಂತ ಮೊದಲು ಕೋಡಿನ ಪಠ್ಯವನ್ನು ಸಿದ್ಧಮಾಡುವ ಭಾಗ) ಸೇರಿಸಿದ್ದು ಆಗ. ‘ಇನ್‌ಕ್ಲೂಡ್’ ಅಂದರೆ ಒಂದು ಫೈಲಿನ ಪಠ್ಯವನ್ನು ಇನ್ನೊಂದರೊಳಗೆ ಹಾಗೇ ಅಂಟಿಸುವುದು, ಅಷ್ಟೇ. ಹೀಗೆ ಅಂಟಿಸಲೆಂದೇ ಹೆಸರುಗಳ ವಿವರ ಬರೆದಿಟ್ಟ ಫೈಲೇ ಹೆಡರ್. ಯಾವ ಹೆಸರು ಯಾರದ್ದು ಎಂದು ಅದು ಕೇಳುವುದಿಲ್ಲ. ಕೊಡಗಿನಲ್ಲಿ ಒಂದೇ ಊರಲ್ಲಿ ಇಬ್ಬರು ಪೊನ್ನಪ್ಪ ಇದ್ದರೂ ತೊಂದರೆಯಿಲ್ಲ, ಜೊತೆಗೆ ಮನೆತನದ ಹೆಸರು ಇರುತ್ತದೆ. ಸಿ ಭಾಷೆಯಲ್ಲಿ ಮನೆತನವೇ ಇಲ್ಲ. ಹೆಡರ್‌ಗೆ ಕಾವಲಾಗಿ ಹಾಕುವ ‘ಹೆಡರ್ ಗಾರ್ಡ್’ ಸಾಲುಗಳು ಕೂಡ ಅದೇ ಫೈಲ್ ಎರಡು ಸಲ ಬರದಂತೆ ತಡೆಯುತ್ತವೆ, ಬೇರೆ ಫೈಲಿನಲ್ಲಿರುವ ಅದೇ ಹೆಸರನ್ನಲ್ಲ.

ಲಿನಕ್ಸ್‌ನಲ್ಲಿ ಇದು ಜಾಸ್ತಿ ಕಾಡುತ್ತದೆ, ಯಾಕೆಂದರೆ ಹೆಡರ್‌ಗಳನ್ನು ಬರೆಯುವವರು ಎರಡು ಕಡೆ ಇದ್ದಾರೆ: ಕರ್ನಲ್‌ನವರು (ಲಿನಕ್ಸ್‌ನ ತಿರುಳಿನ ಭಾಗ) ಮತ್ತು ಗ್ಲಿಬ್‌ಸಿಯವರು (ಪ್ರೋಗ್ರಾಂಗಳು ಬಳಸುವ ಸಿ ಲೈಬ್ರರಿ). ಮೊದಲೆಲ್ಲ ಸಿಸ್ಟಂನ ಹೆಡರ್ ಫೋಲ್ಡರ್‌ನಿಂದ ಕರ್ನಲ್ ಸೋರ್ಸ್‌ಗೇ ನೇರ ಲಿಂಕ್ ಹಾಕಿಬಿಡುತ್ತಿದ್ದರು. ಹಾಗೆ ಮಾಡಬೇಡಿ ಎಂದು ಲಿನಕ್ಸ್ ಕರ್ನಲ್ ಹುಟ್ಟುಹಾಕಿದ ಲೀನಸ್ ಟೊರ್ವಾಲ್ಡ್ಸ್ 2000ದಲ್ಲೇ ಹೇಳಿದರು. 2006ರಲ್ಲಿ ಹೊರಗಿನ ಪ್ರೋಗ್ರಾಂಗಳಿಗೆ ಬೇಕಾದ ಕರ್ನಲ್ ಹೆಡರ್‌ಗಳನ್ನು ಬೇರೆ ಮಾಡಿ ಇನ್‌ಸ್ಟಾಲ್ ಮಾಡುವ ದಾರಿ ಬಂತು. 2012ರಲ್ಲಿ, ಕರ್ನಲ್ 3.7ರಲ್ಲಿ, ಅವಕ್ಕೆ ‘ಯುಎಪಿಐ’ ಎಂಬ ಪ್ರತ್ಯೇಕ ಫೋಲ್ಡರ್ ಆಯಿತು. ನೆಟ್‌ವರ್ಕ್ ಹೆಡರ್‌ಗಳ ತಿಕ್ಕಾಟಕ್ಕೆ 2013ರಲ್ಲಿ ಒಂದು ಹೊಂದಾಣಿಕೆ ಹೆಡರ್ ಬಂತು: ಗ್ಲಿಬ್‌ಸಿಯದ್ದು ಮೊದಲೇ ಬಂದಿದ್ದರೆ ಕರ್ನಲ್ ಹೆಡರ್ ತನ್ನದನ್ನು ಕೈಬಿಡುತ್ತದೆ. ಒಳ್ಳೆಯ ಕೆಲಸವೇ. ಆದರೆ ಒಂದೊಂದೇ ಹೆಸರಿಗೆ ಹಾಕಿದ ತೇಪೆ ಅದು.

2022ರ ಆಗಸ್ಟ್‌ನಲ್ಲಿ ಗ್ಲಿಬ್‌ಸಿ 2.36 ಬಂದಾಗ ತೇಪೆ ಇಲ್ಲದ ಜಾಗ ಹರಿಯಿತು. ಹೊಸ ಮೌಂಟ್ (ಡಿಸ್ಕಿನಂಥದ್ದನ್ನು ಸಿಸ್ಟಂಗೆ ಜೋಡಿಸುವ) ಫಂಕ್ಷನ್‌ಗಳ ಜೊತೆ ಗ್ಲಿಬ್‌ಸಿಯ ‘ಸಿಸ್/ಮೌಂಟ್.ಎಚ್’ ಒಳಗೆ, ಕರ್ನಲ್‌ನ ‘ಲಿನಕ್ಸ್/ಮೌಂಟ್.ಎಚ್’ನಲ್ಲಿ ಆಗಲೇ ಇದ್ದ ಸ್ಟ್ರಕ್ಟ್ (ಹಲವು ಮಾಹಿತಿಗಳ ಕಟ್ಟು), ಈನಮ್‌ಗಳೂ (ಸಂಖ್ಯೆಗಳಿಗೆ ಇಟ್ಟ ಹೆಸರುಗಳ ಪಟ್ಟಿ) ಬಂದವು. ಎರಡನ್ನೂ ಸೇರಿಸಿಕೊಂಡಿದ್ದ ಪ್ರೋಗ್ರಾಂಗಳು ಕಂಪೈಲ್ ಆಗದೆ ನಿಂತವು.

ಅದರಲ್ಲೊಂದು ಎರರ್ ಹತ್ತಿರದಿಂದ ನೋಡಬೇಕಾದದ್ದು. ‘ಎಂಎಸ್_ಆರ್‌ಡಿಓನ್ಲಿ’ ಎಂಬುದು ಕರ್ನಲ್ ಹೆಡರ್‌ನಲ್ಲಿ ಮ್ಯಾಕ್ರೋ, ಅಂದರೆ ಪ್ರಿಪ್ರೊಸೆಸರ್ ಬದಲಿಸಿಡುವ ಹೆಸರು, ಬೆಲೆ 1. ಗ್ಲಿಬ್‌ಸಿಯಲ್ಲಿ ಅದೇ ಹೆಸರು ಈನಮ್ ಒಳಗಿದೆ, ಬೆಲೆ ಅಲ್ಲೂ 1. ಕರ್ನಲ್ ಹೆಡರ್ ಮೊದಲು ಬಂದರೆ ಪ್ರಿಪ್ರೊಸೆಸರ್ ಆ ಹೆಸರನ್ನು ಅಳಿಸಿ ಸಂಖ್ಯೆ ಇಡುತ್ತದೆ. ಕಂಪೈಲರ್ ಕಣ್ಣಿಗೆ ಬೀಳುವುದು ‘1 = 1’. ಹೆಸರು ಇರಬೇಕಾದ ಕಡೆ ಸಂಖ್ಯೆ ಬಂತು ಎಂದು ಅದು ತಕರಾರು ತೆಗೆಯುತ್ತದೆ. ಇಬ್ಬರೂ ಹೇಳಿದ್ದು ಒಂದೇ ಸತ್ಯ, ಆದರೂ ಜಗಳ! ಸಿ23 ಸ್ಟ್ಯಾಂಡರ್ಡ್ ಒಂದೇ ಥರದ ಸ್ಟ್ರಕ್ಟನ್ನು ಎರಡು ಸಲ ಬರೆಯಲು ಬಿಡುತ್ತದೆ, ನನಗೆ ತುಂಬ ಇಷ್ಟವಾದ ಬದಲಾವಣೆ. ಆದರೆ ಈ ಮ್ಯಾಕ್ರೋ ಗೋಳಿಗೆ ಅದರಿಂದ ಪರಿಹಾರವಿಲ್ಲ. ಕೊನೆಗೆ ಗ್ಲಿಬ್‌ಸಿಯವರೇ ತಮ್ಮ ಹೆಡರ್ ತಿದ್ದಿದರು.

ಹಾಗಾಗಿ ಹುಡುಗರಿಗೆ ನಾನು ಹೇಳುವುದಿಷ್ಟು. ಸುಮ್ನೆ ಇನ್‌ಕ್ಲೂಡ್‌ಗಳ ಕ್ರಮ ಅದಲುಬದಲು ಮಾಡುತ್ತ ಕೂರಬೇಡಿ. ಎರರ್‌ನಲ್ಲಿ ಬರುವ ಎರಡು ಫೈಲ್ ಹೆಸರು ಓದಿ. ಒಂದರಿಂದಲೇ ಕೆಲಸ ಆಗುತ್ತದಾ ನೋಡಿ. ಎರಡೂ ಬೇಕೇ ಬೇಕಾದರೆ ಕರ್ನಲ್ ಹೆಡರ್ ಬಳಸುವ ಫಂಕ್ಷನ್‌ಗಳನ್ನು ಬೇರೆ ಸಿ ಫೈಲಿಗೆ ಹಾಕಿ.