ವಾಟರ್ ಕೂಲಿಂಗ್ ಲೂಪ್ ಸೋರಿದರೆ: ಮೊದಲು ಕರೆಂಟು, ಆಮೇಲೆ ನೀರು

ವಾಟರ್ ಕೂಲಿಂಗ್ ಲೂಪ್ ಎಂದರೆ ಕಂಪ್ಯೂಟರಿನ ಬಿಸಿ ಚಿಪ್ಪುಗಳ ಮೇಲಿನ ಬ್ಲಾಕು, ಆ ಬಿಸಿಯನ್ನು ಹೊರಹಾಕುವ ರೇಡಿಯೇಟರ್, ದ್ರವ ತುಂಬುವ ರಿಸರ್ವಾಯರ್ ಇವುಗಳ ನಡುವೆ ಪಂಪು ಕೂಲೆಂಟನ್ನು (ತಂಪಾಗಿಸುವ ದ್ರವ) ಸುತ್ತಿಸುವ ಟ್ಯೂಬುಗಳ ವ್ಯವಸ್ಥೆ. ಅದು ಸೋರಿ, ಗ್ರಾಫಿಕ್ಸ್ ಕಾರ್ಡ್‌ನ ಬ್ಯಾಕ್‌ಪ್ಲೇಟ್ (ಕಾರ್ಡಿನ ಹಿಂಬದಿಯ ಹಲಗೆ) ಮೇಲೆ ಒಂದು ಹನಿ ಕಂಡ ಕೂಡಲೇ ಕೈ ಟಿಶ್ಯೂ ಪೇಪರ್ ಹುಡುಕುತ್ತದೆ. ಅದು ಆಮೇಲಿನ ಕೆಲಸ. ಬೋರ್ಡನ್ನು ಹಾಳು ಮಾಡುವುದು ಬರೀ ನೀರಲ್ಲ, ನೀರಿನ ಜೊತೆ ಸೇರಿದ ವೋಲ್ಟೇಜು. ಹಾಗಾಗಿ ಮೊದಲು ಕರೆಂಟು ತೆಗೆಯಬೇಕು. ವಿಂಡೋಸ್‌ನಲ್ಲಿ ಶಟ್‌ಡೌನ್ ಕೊಟ್ಟರೆ ಸಾಲದು. ಪರದೆ ಕಪ್ಪಾದ ಮೇಲೂ ಪವರ್ ಸಪ್ಲೈ ಮದರ್‌ಬೋರ್ಡಿಗೆ 5 ವೋಲ್ಟ್ ಸ್ಟ್ಯಾಂಡ್‌ಬೈ ಕೊಡುತ್ತಲೇ ಇರುತ್ತದೆ. ಒದ್ದೆ ಬೋರ್ಡನ್ನು ರಾತ್ರಿಯಿಡೀ ಹಾಗೆ ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಕನೆಕ್ಟರ್ ಪಿನ್ನುಗಳ ಬುಡದಲ್ಲಿ ಹಸಿರು ಕಟ್ಟಿರಬಹುದು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಅನೇಕರ ಡೆಸ್ಕ್‌ಟಾಪ್ ಯುಪಿಎಸ್ ಮೇಲೆ ನಡೆಯುತ್ತದೆ. ಗಾಬರಿಯಲ್ಲಿ ಗೋಡೆಯ ಸ್ವಿಚ್ ಆರಿಸಿದರೆ ಯುಪಿಎಸ್ ತನ್ನ ಕರ್ತವ್ಯ ತಾನು ಮಾಡುತ್ತದೆ: ಬ್ಯಾಟರಿಯಿಂದ ಕಂಪ್ಯೂಟರನ್ನು ನಡೆಸುತ್ತಲೇ ಇರುತ್ತದೆ. ಪಂಪು ಓಡುತ್ತದೆ, ಸೋರಿಕೆಯೂ ಮುಂದುವರಿಯುತ್ತದೆ. ಆದ್ದರಿಂದ ಪವರ್ ಸಪ್ಲೈ ಹಿಂಬದಿಯ ಸ್ವಿಚ್ಚನ್ನು ಒಣ ಕೈಯಲ್ಲಿ ಆರಿಸಿ, ಕೇಬಲ್ ಕಿತ್ತುಬಿಡಿ. ನೀರು ಪವರ್ ಸಪ್ಲೈವರೆಗೆ ಇಳಿದಿದೆ ಎಂಬ ಅನುಮಾನವಿದ್ದರೆ ಅದನ್ನು ಮುಟ್ಟುವುದು ಬೇಡ. ಯುಪಿಎಸ್ ಅನ್ನೇ ಆಫ್ ಮಾಡಿ ಪ್ಲಗ್ ಎಳೆಯಿರಿ. ಆ ಪವರ್ ಸಪ್ಲೈಯನ್ನು ಬಿಚ್ಚಿ ನೋಡುವ ಆಸೆಯನ್ನೂ ಬಿಡಿ. ಅದರೊಳಗಿನ ದೊಡ್ಡ ಕೆಪಾಸಿಟರ್ ಪ್ಲಗ್ ತೆಗೆದ ಮೇಲೂ ಸುಮಾರು 400 ವೋಲ್ಟ್ ಹಿಡಿದಿಟ್ಟಿರಬಹುದು.

‘ನಮ್ಮ ಕೂಲೆಂಟ್ ನಾನ್-ಕಂಡಕ್ಟಿವ್, ಏನೂ ಆಗಲ್ಲ’ ಎಂಬ ಮಾತಿಗೆ ಬೆಲೆ ಕೊಡಬೇಡಿ. ಬಾಟಲಿಯಲ್ಲಿದ್ದಾಗ ಅದು ನಿಜವಿರಬಹುದು. ಕೆಲವು ತಿಂಗಳು ತಾಮ್ರ, ನಿಕ್ಕಲ್, ಹಿತ್ತಾಳೆ, ಬೆಸುಗೆಗಳ ಮೇಲೆ ಹರಿದ ದ್ರವಕ್ಕೆ ಲೋಹದ ಅಯಾನುಗಳು ಸೇರಿರುತ್ತವೆ. ಅದು ಬೋರ್ಡಿನ ಮೇಲೆ ಬಿದ್ದಾಗ ಅಲ್ಲಿನ ದೂಳು, ಉಪ್ಪಿನಂಶ ಎಲ್ಲ ಕರಗುತ್ತದೆ. ಪಕ್ಕಪಕ್ಕದ ಎರಡು ಪಿನ್ನುಗಳ ನಡುವೆ ಡಿಸಿ ವೋಲ್ಟೇಜ್ ಇದ್ದರೆ ಒಂದು ಕಡೆಯ ಲೋಹ ಕರಗಿ ಇನ್ನೊಂದು ಕಡೆ ಎಳೆ ಎಳೆಯಾಗಿ ಬೆಳೆಯುತ್ತದೆ. ಎಳೆ ಎರಡನ್ನೂ ಮುಟ್ಟಿದ ದಿನ ಶಾರ್ಟ್. ಸೋರಿದಾಗ ಏನೂ ಆಗದ ಬೋರ್ಡು ಎಷ್ಟೋ ದಿನದ ಮೇಲೆ ಸಾಯುವುದು ಹೀಗೆ.

ಕರೆಂಟು ಹೋದ ಮೇಲೆ ಲೂಪ್ ಖಾಲಿ ಮಾಡಬೇಕು. ಅತಿ ಕೆಳಗಿನ ಜಾಗದಲ್ಲಿ ಡ್ರೇನ್ ವಾಲ್ವ್ ಇದ್ದರೆ ಎರಡು ನಿಮಿಷದ ಕೆಲಸ. ಇಲ್ಲದಿದ್ದರೆ ರಿಸರ್ವಾಯರ್‌ನಿಂದ ಟ್ಯೂಬ್ ಹಾಕಿ ಸೈಫನ್ ಮಾಡಿ, ಆದರೆ ಬಾಯಿಂದ ಎಳೆಯಬೇಡಿ: ಎಷ್ಟೋ ಕೂಲೆಂಟುಗಳಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ, ಅದು ವಿಷ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ನೆಲಕ್ಕೆ ಬಿದ್ದದ್ದನ್ನು ಕೂಡಲೇ ಒರೆಸಿ, ಅದರ ರುಚಿ ಸಿಹಿ. ಈಗ ಟಿಶ್ಯೂ ಹಿಡಿಯಬಹುದು. ಉಜ್ಜಿದರೆ ದ್ರವ ಚಿಪ್ಪುಗಳ ಕೆಳಗೆ ನುಗ್ಗುತ್ತದೆ, ಆದ್ದರಿಂದ ಒತ್ತಿ ಹೀರಿಸಿ. ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್, ಎಂ.2 ಡ್ರೈವ್, ಸಿಆರ್2032 ಬ್ಯಾಟರಿ ಎಲ್ಲ ಹೊರಗೆ ಬರಲಿ. ಆ ಪುಟ್ಟ ಬ್ಯಾಟರಿಯ 3 ವೋಲ್ಟ್ ಕೂಡ ಒದ್ದೆ ಬೋರ್ಡಿನಲ್ಲಿ ತನ್ನ ಕೆಲಸ ಮಾಡುತ್ತದೆ. ಬ್ಯಾಕ್‌ಪ್ಲೇಟನ್ನು ಬಿಚ್ಚಲೇಬೇಕು. ಅದರ ಮತ್ತು ಬೋರ್ಡಿನ ನಡುವಿನ ಥರ್ಮಲ್ ಪ್ಯಾಡುಗಳ ಅಂಚಿನಲ್ಲಿ ದ್ರವ ವಾರಗಟ್ಟಲೆ ಆರದೆ ನಿಲ್ಲುತ್ತದೆ.

ಒಣಗಿಸಿದರೆ ಸಾಕು ಎಂದುಕೊಂಡು ಇಲ್ಲಿ ಎಡವುವವರು ಬಹಳ. ನೀರು ಆರಿದರೂ ಗ್ಲೈಕಾಲ್, ಬಣ್ಣ, ಲವಣ ಅಲ್ಲೇ ಉಳಿಯುತ್ತವೆ, ಮಳೆಗಾಲದ ತೇವಕ್ಕೆ ಮತ್ತೆ ಒದ್ದೆಯಾಗುತ್ತವೆ. ಆದ್ದರಿಂದ ತೊಳೆಯಬೇಕು. ಕೂಲೆಂಟ್ ಬಿದ್ದ ಜಾಗವನ್ನು ಮೊದಲು ಡಿಸ್ಟಿಲ್ಡ್ ವಾಟರ್‌ನಿಂದ, ನಂತರ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಮೆತ್ತನೆಯ ಬ್ರಷ್ ಹಿಡಿದು ತೊಳೆಯಿರಿ. ಗ್ರಾಫಿಕ್ಸ್ ಕಾರ್ಡ್ ಕೂರುವ ಪಿಸಿಐಇ ಸ್ಲಾಟ್, ರ‍್ಯಾಮ್ ಸ್ಲಾಟ್‌ಗಳ ಒಳಗೂ ಆಲ್ಕೊಹಾಲ್ ಹೋಗಲಿ. ಒಂದು ಎಚ್ಚರಿಕೆ: ಈ ಆಲ್ಕೊಹಾಲ್ ಅಕ್ರಿಲಿಕ್‌ಗೆ ತಾಗಬಾರದು. ಅಕ್ರಿಲಿಕ್ ಬ್ಲಾಕ್, ಟ್ಯೂಬ್, ರಿಸರ್ವಾಯರ್ ಮೇಲೆ ಸವರಿದರೆ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ, ಮುಂದಿನ ಸೋರಿಕೆ ಅಲ್ಲಿಂದಲೇ. ಬ್ಲಾಕ್ ಬಿಚ್ಚಿ ಪಕ್ಕಕ್ಕಿಟ್ಟ ಮೇಲಷ್ಟೇ ಬೋರ್ಡಿಗೆ ಆಲ್ಕೊಹಾಲ್.

ಆಮೇಲೆ ಫ್ಯಾನ್ ಗಾಳಿಗೆ ಕನಿಷ್ಠ ಎರಡು ದಿನ. ಜುಲೈನ ಮಂಗಳೂರು, ಉಡುಪಿಯಂಥ ಕಡೆ ಎರಡು ದಿನ ಸಾಲದು, ಎಸಿ ಕೋಣೆಯಲ್ಲಿಟ್ಟರೆ ಒಳ್ಳೆಯದು. ಅಕ್ಕಿ ಡಬ್ಬದಲ್ಲಿ ಹೂತಿಡುವುದರಿಂದ ಸ್ಲಾಟಿಗೆ ಹಿಟ್ಟು ಸೇರುತ್ತದೆಯೇ ಹೊರತು ಪ್ರಯೋಜನವಿಲ್ಲ.

ಒಣಗುವಷ್ಟರಲ್ಲಿ ಮೂಲ ಹುಡುಕಿ. ಹನಿ ಬಿದ್ದ ಜಾಗವೇ ಸೋರಿದ ಜಾಗ ಎಂದುಕೊಳ್ಳಬೇಡಿ. ದ್ರವ ಟ್ಯೂಬಿನ ಹೊರಮೈ ಹಿಡಿದು ಇಳಿದು, ಬಾಗಿದ ಕಡೆ ತೊಟ್ಟಿಕ್ಕುತ್ತದೆ. ಅಲ್ಲಿಂದ ಮೇಲಕ್ಕೆ, ಒಂದೊಂದೇ ಫಿಟ್ಟಿಂಗ್ (ಟ್ಯೂಬನ್ನು ಜೋಡಿಸುವ ತಿರುಪು) ಸುತ್ತ ಬಿಳಿ ಟಿಶ್ಯೂ ಸುತ್ತಿ ನೋಡುತ್ತ ಹೋಗಿ. ತುಂಬ ದಿನದಿಂದ ಒಸರುತ್ತಿದ್ದರೆ ಫಿಟ್ಟಿಂಗ್ ಕಾಲರ್ ಸುತ್ತ ಒಣಗಿದ ಬಣ್ಣದ ತೆಳು ಉಂಗುರ ಕಾಣುತ್ತದೆ. ಕೂಲೆಂಟ್‌ಗೆ ಬಣ್ಣವಿದ್ದರೆ ಆಗುವ ನಿಜವಾದ ಉಪಕಾರ ಇದೇ.

ಮೂಲ ಸಿಕ್ಕಿದಾಗ ಬಹುಪಾಲು ಅಲ್ಲಿರುವುದು ಒಂದು ಒ-ರಿಂಗ್. ಈ ಫಿಟ್ಟಿಂಗುಗಳಲ್ಲೆಲ್ಲ ಜಿ-1/4 ಎಂಬ ನೇರ ಥ್ರೆಡ್ ಇರುತ್ತದೆ. ನೀರು ತಡೆಯುವುದು ಥ್ರೆಡ್ ಅಲ್ಲ, ಕಾಲರ್ ಕೆಳಗಿನ ರಬ್ಬರ್. ಮನೆಯ ನಲ್ಲಿ ಪೈಪುಗಳದ್ದು ಬೇರೆ ಲೆಕ್ಕ, ಅಲ್ಲಿನ ಟೆಫ್ಲಾನ್ ಟೇಪ್ ಅಭ್ಯಾಸವನ್ನು ಇಲ್ಲಿಗೆ ತರಬಾರದು. ಟೇಪ್ ಸುತ್ತಿದರೆ ಕಾಲರ್ ಸರಿಯಾಗಿ ಕೂರುವುದಿಲ್ಲ, ಚೂರುಗಳು ಹರಿದು ಬ್ಲಾಕಿನ ಸಣ್ಣ ಫಿನ್ನುಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಥ್ರೆಡ್ ಉಬ್ಬಿ ಅಕ್ರಿಲಿಕ್ ಪೋರ್ಟ್ ಸೀಳುತ್ತದೆ. ಸ್ಪ್ಯಾನರ್ ಕೂಡ ಬೇಡ. ಕೈಯಿಂದಲೇ ತಿರುಗಿಸಿ, ಕಾಲರ್ ಮೇಲ್ಮೈಗೆ ಕೂತ ಮೇಲೆ ಬೆರಳಿನ ಬಲದಷ್ಟು ಬಿಗಿ ಸಾಕು. ಸೋರುವ ಫಿಟ್ಟಿಂಗನ್ನು ಇನ್ನಷ್ಟು ಬಿಗಿ ಮಾಡುವುದು ಸಹಜವಾಗಿ ತೋಚುವ ಪರಿಹಾರ. ಆದರೆ ತಿರುಚಿದ ಒ-ರಿಂಗನ್ನು ಅದು ಕತ್ತರಿಸಿಯೇಬಿಡುತ್ತದೆ. ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, ಹೊಸದನ್ನು ಹಾಕಿ. ತಯಾರಕರ ಬಿಡಿ ಒ-ರಿಂಗ್ ಸಿಗದಿದ್ದರೆ ಹಳೆಯದನ್ನೇ ಮಾದರಿಗೆ ಒಯ್ದು ಅಳತೆ ಹೊಂದಿಸಿ ತನ್ನಿ. ಹಾಕುವಾಗ ಸಿಲಿಕೋನ್ ಗ್ರೀಸ್ ಒಂದು ಚೂರು ಸವರಬಹುದು. ವ್ಯಾಸಲೀನ್ ಬೇಡ, ಒ-ರಿಂಗ್ ಇಪಿಡಿಎಂ ಎಂಬ ರಬ್ಬರಿನದಾದರೆ ಪೆಟ್ರೋಲಿಯಂ ಜೆಲ್ಲಿಗೆ ಊದಿಕೊಳ್ಳುತ್ತದೆ.

ಹಾರ್ಡ್ ಟ್ಯೂಬ್ ಬಳಸುವವರು ಟ್ಯೂಬಿನ ತುದಿಯನ್ನು ಉಗುರಿನಿಂದ ಕೆರೆದು ನೋಡಿ. ಅಂಚು ಉಗುರಿಗೆ ಸಿಕ್ಕಿತೆಂದರೆ ಒಳಗಿನ ಒ-ರಿಂಗಿಗೂ ಸಿಕ್ಕುತ್ತದೆ. ಒತ್ತಿ ತೂರಿಸುವಾಗ ಅರ್ಧಚಂದ್ರಾಕಾರದ ರಬ್ಬರ್ ಸಿಪ್ಪೆ ಎದ್ದು, ಮೊದಲ ದಿನ ಸೋರದೆ ನಾಲ್ಕನೇ ವಾರ ಸೋರುತ್ತದೆ. ಹೊರ ಅಂಚನ್ನು ಇಳಿಜಾರಾಗಿ ಮಟ್ಟ ಮಾಡಿ, ಒಳ ಅಂಚಿನ ಜುಂಗು ತೆಗೆದು, ತುದಿಯನ್ನು ನೀರಿನಲ್ಲಿ ಅದ್ದಿ ಕೂರಿಸಬೇಕು. ಟ್ಯೂಬ್ ಕಾಲು ಇಂಚು ಗಿಡ್ಡವಾಗಿದ್ದರೂ ಎಳೆದು ಹೊಂದಿಸುವ ಆಸೆಯಾಗುತ್ತದೆ. ಹೊಂದಿಸಿದರೆ ಫಿಟ್ಟಿಂಗ್ ಒಂದು ಪಕ್ಕಕ್ಕೆ ವಾಲಿ, ಒ-ರಿಂಗ್ ಒಂದು ಕಡೆ ಹಿಸುಕಿ ಇನ್ನೊಂದು ಕಡೆ ಸಡಿಲವಾಗುತ್ತದೆ. ಭಾರದ ಗ್ರಾಫಿಕ್ಸ್ ಕಾರ್ಡ್ ಕೆಳಗೆ ಜೋತುಬಿದ್ದಾಗಲೂ ಆಗುವುದು ಇದೇ. ತಿರುಗುವ 90 ಡಿಗ್ರಿ ಫಿಟ್ಟಿಂಗುಗಳಲ್ಲಿ ಒಳಗೆ ಇನ್ನೊಂದು ಒ-ರಿಂಗ್ ಇರುವುದರಿಂದ ಅವು ಈ ಪಕ್ಕದ ಎಳೆತವನ್ನು ಇನ್ನೂ ಕಡಿಮೆ ತಡೆಯುತ್ತವೆ. ಕಾರ್ಡಿಗೆ ಆಧಾರ ಕೊಡಿ, ಟ್ಯೂಬನ್ನು ಮತ್ತೆ ಕತ್ತರಿಸಿ. ಬೇರೆ ದಾರಿ ಇಲ್ಲ.

ಪಿಇಟಿಜಿ ಎಂಬ ಪ್ಲಾಸ್ಟಿಕ್ಕಿನ ಟ್ಯೂಬಾದರೆ ಶಾಖವನ್ನೂ ಗಮನಿಸಿ. ಅದು 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಪೂರ್ತಿ ಮೆತ್ತಗಾಗುತ್ತದೆ, ಅದಕ್ಕೂ ಬಹಳ ಮೊದಲೇ ಫಿಟ್ಟಿಂಗ್ ಹಿಡಿತದಲ್ಲಿ ಆಕಾರ ಬಿಡಲು ಶುರುವಾಗುತ್ತದೆ. ಪಂಪು ನಿಂತರೆ ಬ್ಲಾಕಿನ ಪಕ್ಕದ ಟ್ಯೂಬ್ ಆ ಬಿಸಿ ಮುಟ್ಟಲು ಹೆಚ್ಚು ಹೊತ್ತು ಬೇಕಿಲ್ಲ. ಪಂಪಿನ ವೇಗ ತಿಳಿಸುವ ಟ್ಯಾಕೋ ವೈರನ್ನು ಸಿಪಿಯು ಫ್ಯಾನ್ ಹೆಡರಿಗೆ ಕೊಟ್ಟು, ವೇಗ ಸೊನ್ನೆಯಾದರೆ ಕಂಪ್ಯೂಟರ್ ಆಫ್ ಆಗುವಂತೆ ಬಯಾಸ್‌ನಲ್ಲಿ ಆಯ್ಕೆಯಿದ್ದರೆ ಇಟ್ಟುಕೊಳ್ಳಿ. ಅಕ್ರಿಲಿಕ್ ಈ ವಿಷಯದಲ್ಲಿ ಗಟ್ಟಿ, ಆದರೆ ಬೇಗ ಬಿರುಕು ಬಿಡುತ್ತದೆ.

ರೇಡಿಯೇಟರ್ ಸೋರಿಕೆಗೆ ಮುಖ್ಯ ಕಾರಣ ಸ್ಕ್ರೂ. ಫ್ಯಾನ್ ದಪ್ಪ 25 ಮಿ.ಮೀ., ಸ್ಕ್ರೂ 30 ಮಿ.ಮೀ. ಇದ್ದರೆ ಒಳಗೆ ಹೋಗುವುದು 5 ಮಿ.ಮೀ. ಮಾತ್ರ. ಅದೇ ಜಾಗಕ್ಕೆ 35 ಮಿ.ಮೀ. ಸ್ಕ್ರೂ ಹಾಕಿದರೆ ರಕ್ಷಣಾ ತಗಡಿಲ್ಲದ ರೇಡಿಯೇಟರ್‌ನಲ್ಲಿ ನೇರ ನೀರಿನ ಕೊಳವೆಗೆ ತೂತು. ಇದಕ್ಕೆ ಅಂಟು ಹಾಕಿ ನಂಬುವ ಬದಲು ರೇಡಿಯೇಟರ್ ಬದಲಿಸಿ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಅಲ್ಯೂಮಿನಿಯಂ ರೇಡಿಯೇಟರನ್ನು ತಾಮ್ರದ ಬ್ಲಾಕಿನ ಜೊತೆ ಸೇರಿಸಿದರೂ ಕಡೆಗೆ ತೂತೇ ಗತಿ, ನಿಧಾನವಾಗಿ, ಒಳಗಿನಿಂದ.

ರಿಸರ್ವಾಯರ್ ಮಟ್ಟ ಇಳಿಯಿತೆಂದ ಮಾತ್ರಕ್ಕೆ ಸೋರಿಕೆ ಎನ್ನಲಾಗದು. ಮೊದಲ ವಾರ ಸಿಕ್ಕಿಕೊಂಡ ಗುಳ್ಳೆಗಳು ಹೊರಬರುವಾಗ ಮಟ್ಟ ಇಳಿಯುತ್ತದೆ. ಸಾಫ್ಟ್ ಟ್ಯೂಬಿನ ಗೋಡೆಯ ಮೂಲಕ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ ಆವಿಯಾಗುವುದೂ ಇದೆ. ಇಳಿದದ್ದನ್ನು ಮತ್ತೆ ತುಂಬಿಸಿ, ಆದರೆ ಕುತ್ತಿಗೆವರೆಗೆ ಬೇಡ. 25ರಿಂದ 45 ಡಿಗ್ರಿಗೆ ಬಿಸಿಯಾದಾಗ ಒಂದು ಲೀಟರ್ ನೀರು ಸುಮಾರು 7 ಮಿ.ಲೀ. ಹಿಗ್ಗುತ್ತದೆ. ಗಾಳಿಗೆ ಜಾಗವಿಲ್ಲದಿದ್ದರೆ ಆ ಒತ್ತಡವೆಲ್ಲ ಸೀಲುಗಳ ಮೇಲೆ ಬೀಳುತ್ತದೆ. ಮೇಲೆ ಎರಡು ಸೆಂಟಿಮೀಟರ್ ಬಿಡಿ.

ದುರಸ್ತಿ ಆದ ಮೇಲೆ ಮೊದಲು ಗಾಳಿ, ಆಮೇಲೆ ನೀರು. ಗೇಜ್ ಇರುವ ಕೈಪಂಪಿನ ಲೀಕ್ ಟೆಸ್ಟರನ್ನು ಖಾಲಿ ಲೂಪಿಗೆ ಜೋಡಿಸಿ ಒತ್ತಡವನ್ನು 0.4ರಿಂದ 0.5 ಬಾರ್‌ಗೆ ಏರಿಸಿ. ಇಂಥ ಲೂಪುಗಳಲ್ಲಿ ಬಳಸುವ ಡಿ5 ಎಂಬ ಮಾದರಿಯ ಪಂಪು ಪೂರ್ತಿ ವೇಗದಲ್ಲಿ ಕೊಡುವ ಒತ್ತಡ ಸುಮಾರು 0.4 ಬಾರ್, ಹಾಗಾಗಿ ಇಷ್ಟು ಪರೀಕ್ಷೆ ಸಾಕು. ಇದಕ್ಕಿಂತ ಏರಿಸಿದರೆ ಅಕ್ರಿಲಿಕ್ ರಿಸರ್ವಾಯರಿಗೆ ಅಪಾಯ. ಸೈಕಲ್ ಪಂಪು, ಕಂಪ್ರೆಸರ್ ಹತ್ತಿರ ತರಲೇಬೇಡಿ. ಅರ್ಧ ಗಂಟೆ ಮುಳ್ಳು ಅಲುಗಬಾರದು. ಫ್ಯಾನು, ಎಸಿ ಹಾಕಿ ಕೋಣೆ ತಣ್ಣಗಾದರೆ ಒಂದು ಡಿಗ್ರಿಗೆ 0.005 ಬಾರ್‌ನಂತೆ ಇಳಿಯುತ್ತದೆ, ಅದನ್ನು ಸೋರಿಕೆ ಎನ್ನಬೇಡಿ. ಮುಳ್ಳು ನಿಜವಾಗಿಯೂ ಇಳಿಯುತ್ತಿದ್ದರೆ ಮೊದಲು ಟೆಸ್ಟರ್ ಬಾಯಿಗೆ ಪ್ಲಗ್ ಹಾಕಿ ಟೆಸ್ಟರೇ ಸೋರುತ್ತಿಲ್ಲವೆಂದು ಖಚಿತ ಮಾಡಿಕೊಳ್ಳಿ. ನಂತರ ಲೂಪನ್ನು ನಡುವೆ ಬಿಚ್ಚಿ, ಎರಡು ತುದಿಗೂ ಪ್ಲಗ್ ಹಾಕಿ, ಅರ್ಧ ಅರ್ಧವಾಗಿ ಪರೀಕ್ಷಿಸುತ್ತ ಹೋಗಿ. ಮೂರ್ನಾಲ್ಕು ಸುತ್ತಿನಲ್ಲಿ ಕಳ್ಳ ಫಿಟ್ಟಿಂಗ್ ಸಿಕ್ಕಿಬೀಳುತ್ತದೆ.

ಗಾಳಿಯಲ್ಲಿ ಪಾಸಾದ ಮೇಲೆ ದ್ರವ ತುಂಬಿಸಿ ಪಂಪನ್ನಷ್ಟೇ ಓಡಿಸಿ. ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್‌ಗಳ ಪವರ್ ಕೇಬಲ್ ಕಳಚಿರಲಿ. ಪವರ್ ಸಪ್ಲೈ ಶುರು ಮಾಡಲು ಅದರ 24 ಪಿನ್ ಕನೆಕ್ಟರಿಗೆ ಜಂಪರ್ ಪ್ಲಗ್ ಬೇಕು. ಅದು 16ನೇ ಪಿನ್ನನ್ನು ಗ್ರೌಂಡಿಗೆ ಜೋಡಿಸುತ್ತದೆ, ಅಷ್ಟೇ. ಈಗಿನ ಕೇಬಲ್ಲುಗಳು ಹೆಚ್ಚಾಗಿ ಕಪ್ಪು, ಬಣ್ಣ ನೋಡಿ ಪಿನ್ ಗುರುತಿಸಲಾಗದು, ಆದ್ದರಿಂದ ತಂತಿ ತುಂಡಿಗಿಂತ ಪ್ಲಗ್ ಕೊಳ್ಳುವುದು ಮೇಲು. ರಿಸರ್ವಾಯರ್ ಖಾಲಿಯಾಗುವ ಮೊದಲೇ ಪ್ರತಿ ಸಲ ಪಂಪು ನಿಲ್ಲಿಸಿ ಮತ್ತೆ ತುಂಬಿಸಿ, ಒಣಗಿ ಓಡಿದರೆ ಅದರ ಬೇರಿಂಗ್ ಸವೆಯುತ್ತದೆ. ಪ್ರತಿ ಫಿಟ್ಟಿಂಗ್ ಕೆಳಗೆ ಟಿಶ್ಯೂ ಇಟ್ಟು ಒಂದು ದಿನ ಓಡಲಿ.

ಆಮೇಲೆ ಬೋರ್ಡಿಗೆ ಕರೆಂಟು ಕೊಟ್ಟು, ಒಂದೆರಡು ಗಂಟೆ ಪೂರ್ತಿ ಲೋಡಿನಲ್ಲಿ ಓಡಿಸಿ, ಕೂಲೆಂಟ್ ಬಿಸಿಯಾಗಿರುವಾಗಲೇ ಪ್ರತಿ ಜೋಡಣೆಯ ಕೆಳಗೂ ಒಣ ಬೆರಳು ಆಡಿಸಿ ನೋಡಿ. ಸಾಫ್ಟ್ ಟ್ಯೂಬಿನ ಕಂಪ್ರೆಷನ್ ರಿಂಗುಗಳು ಬಿಸಿ-ತಂಪು ಕೆಲವು ಸಲ ಆದ ಮೇಲೆ ಚೂರು ಸಡಿಲವಾಗುವುದುಂಟು. ವಾರ ಕಳೆದ ಮೇಲೆ, ಕರೆಂಟಿನ ಪ್ಲಗ್ ಕಿತ್ತು, ಅವನ್ನು ಕೈಯಿಂದಲೇ ಇನ್ನೊಮ್ಮೆ ಬಿಗಿ ಮಾಡಿ.