ಸಾವಿರ ಜನ ತೆರೆದರು ಸರಿ, ಕಲಿತದ್ದೆಷ್ಟು?

ಪ್ರಶ್ನೆ: ನಮ್ಮದು ಸಣ್ಣ ಮ್ಯೂಸಿಯಂ. ವೆಬ್‌ಸೈಟಿನಲ್ಲಿ ಒಂದು ಕಲಿಕಾ ಚಟುವಟಿಕೆ ಹಾಕಿದ್ದೇವೆ. ಸಾವಿರಾರು ಜನ ತೆರೆದು ನೋಡಿದ್ದಾರೆ, ಕೊನೆಯಲ್ಲಿ ಹೆಚ್ಚಿನವರು ಐದು ಸ್ಟಾರ್ ಕೊಟ್ಟಿದ್ದಾರೆ. ಅವರು ನಿಜವಾಗಿ ಏನಾದರೂ ಕಲಿತರೇ ಎಂದು ಗೊತ್ತು ಮಾಡಿಕೊಳ್ಳುವುದು ಹೇಗೆ?

ಉತ್ತರ: ಈ ಎರಡು ಲೆಕ್ಕದಿಂದ ಗೊತ್ತಾಗುವುದಿಲ್ಲ. ಸ್ಟಾರ್ ಎಂಬುದು ಮರ್ಯಾದೆಗೆ ಕೊಡುವಂಥದ್ದು, "ಊಟ ಆಯ್ತಾ?" ಅಂದರೆ "ಆಯ್ತು" ಅನ್ನುವ ಹಾಗೆ. ತೆರೆದವರ ಲೆಕ್ಕವೂ ಅಷ್ಟೇ. ವೆಬ್‌ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನ ಈಗಿನ ಆವೃತ್ತಿಯಲ್ಲಿ 10 ಸೆಕೆಂಡ್ ದಾಟಿದ ಭೇಟಿಯೂ ಆಸಕ್ತಿಯಿಂದ ನೋಡಿದ ಭೇಟಿಗಳ ಲೆಕ್ಕಕ್ಕೆ ಸೇರುತ್ತದೆ. ಹಳೇ ಫೋನಿನಲ್ಲಿ ದೊಡ್ಡ ಫೋಟೊ ಬರುವುದಕ್ಕೇ ಅಷ್ಟು ಹೊತ್ತು ಬೇಕು! ಈ ಅಂಕಿಗಳನ್ನು ಒಂದೇ ಕೆಲಸಕ್ಕೆ ಬಳಸಿ: ಜನ ಯಾವ ಹೆಜ್ಜೆಯಲ್ಲಿ ಬಿಟ್ಟುಹೋದರು ಎಂದು ನೋಡುವುದಕ್ಕೆ. ಯಾಕೆ ಬಿಟ್ಟರು ಎಂಬುದು ಅಲ್ಲಿ ಸಿಗುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡೇ ಹೇಳುತ್ತೇವೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನವಿದೆ. ಸುಮಾರು ಕ್ರಿ.ಶ. 949–50ರದ್ದು. ಗಂಗ ದೊರೆ ಬೂತುಗನಿಂದ ಅವನ ಯೋಧ ಮಣಲೇರ ಬೇಡಿ ಪಡೆದ ನಾಯಿ 'ಕಾಳಿ' ಕಾಡುಹಂದಿಯೊಡನೆ ಕಾದಾಡಿ ಸತ್ತಿತು, ಹಂದಿಯೂ ಸತ್ತಿತು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ನಾಯಿ, ಹಂದಿ ಎರಡನ್ನೂ ಕೆತ್ತಿದ್ದಾರೆ. ಇದರ ಫೋಟೊ ಮೇಲೆ ಬೆರಳಾಡಿಸಿ ಚಿತ್ರ ಹುಡುಕುವ, ನಾಲ್ಕಾರು ಅಕ್ಷರ ಓದುವ ಚಟುವಟಿಕೆ ಮಾಡಿದ್ದೀರಿ ಎಂದುಕೊಳ್ಳಿ.

ಮೊದಲು ಒಂದು ವಾಕ್ಯ ಬರೆಯಿರಿ: ಚಟುವಟಿಕೆ ಮುಗಿಸಿದವರಿಗೆ ಮೊದಲು ಬಾರದಿದ್ದ ಏನು ಈಗ ಬರಬೇಕು? "ಶಾಸನಗಳ ಬಗ್ಗೆ ಅರಿವು ಮೂಡಿಸುವುದು" ಎಂಬುದು ಅನುದಾನದ ಅರ್ಜಿಯಲ್ಲಿ ನಡೆಯುತ್ತದೆ, ಅಳೆಯಲು ಬರುವುದಿಲ್ಲ. "ಹೊಸ ವೀರಗಲ್ಲೊಂದರ ಫೋಟೊ ತೋರಿಸಿದರೆ, ಯಾರ ನೆನಪಿಗೆ, ಯಾಕೆ ನಿಲ್ಲಿಸಿರಬಹುದು ಎಂದು ಕಲ್ಲಿನ ಮೇಲಿನ ಚಿತ್ರ ತೋರಿಸಿ ಹೇಳಬೇಕು" ಎಂದರೆ ಅಳೆಯಬಹುದು. ಬರೀ ಮಾಹಿತಿಯೇ ಗುರಿಯಾಗಬೇಕಿಲ್ಲ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದವರು ಮ್ಯೂಸಿಯಂಗಳಿಗೆಂದು ರೂಪಿಸಿದ ಚೌಕಟ್ಟಿನಲ್ಲಿ ತಿಳಿವಳಿಕೆ, ಕೌಶಲ, ಧೋರಣೆ, ಖುಷಿ ಮತ್ತು ಸೃಜನಶೀಲತೆ, ಮುಂದಿನ ನಡವಳಿಕೆ ಎಂದು ಐದು ಬಗೆ ಇವೆ. ಐದನ್ನೂ ಒಟ್ಟಿಗೆ ಅಳೆಯಲು ಹೋಗಬೇಡಿ. ಒಂದೋ ಎರಡೋ ಸಾಕು.

ಆಮೇಲೆ ಐದು ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ನೋಡಿ. ತಲಾ ಅರ್ಧ ಗಂಟೆ. ಸಿಬ್ಬಂದಿಯೂ ಬೇಡ, ಅವರ ಮನೆಯವರೂ ಬೇಡ. ಚಟುವಟಿಕೆ ಯಾರಿಗಾಗಿಯೋ ಅಂಥವರೇ ಬೇಕು, ಅವರದೇ ಫೋನ್ ಆಗಬೇಕು. "ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳ್ತಾ ಹೋಗಿ" ಅನ್ನಿ, ನೀವು ಸುಮ್ಮನಿರಿ. ಕಷ್ಟವಿರುವುದು ಈ ಸುಮ್ಮನಿರುವುದರಲ್ಲೇ. ಅವರು ತಡವರಿಸಿದ ಕೂಡಲೇ "ಅಲ್ಲಿ ಒತ್ತಿ" ಎಂದುಬಿಟ್ಟರೆ ಆ ತೊಡಕು ನಿಮ್ಮ ಟಿಪ್ಪಣಿಗೆ ಬರುವುದೇ ಇಲ್ಲ. ಎಲ್ಲಿ ಬೆರಳು ನಿಂತಿತು, ಯಾವ ಸೂಚನೆ ಎರಡು ಸಲ ಓದಿದರು, ಎಲ್ಲಿ ಓದದೇ 'ಮುಂದೆ' ಒತ್ತಿದರು, ಇಷ್ಟನ್ನು ಬರೆದುಕೊಳ್ಳಿ. ಸವೆದ ಕಲ್ಲಿನ ಫೋಟೊದಲ್ಲಿ ನಾಯಿ ಯಾವುದು, ಹಂದಿ ಯಾವುದು ಎಂದು ಗೊತ್ತಾಗದೆ ಸಿಕ್ಕಲ್ಲೆಲ್ಲ ಒತ್ತಿ ಮುಂದೆ ಹೋಗುವವರಿರುತ್ತಾರೆ. ಅಂಕಿಅಂಶದ ಪುಟದಲ್ಲಿ ಅವರು 'ಪೂರ್ಣಗೊಳಿಸಿದವರು'. ದೊಡ್ಡ ತೊಡಕುಗಳಲ್ಲಿ ಹೆಚ್ಚಿನವು ಈ ಐದೇ ಜನರಲ್ಲಿ ಬಯಲಾಗುತ್ತವೆ. ತಿದ್ದಿ, ಬೇರೆ ಐವರನ್ನು ಕೂರಿಸಿ. ಈ ಸುತ್ತು ಬಿಟ್ಟು ನೇರ ಸಮೀಕ್ಷೆಗೆ ಹೋದರೆ, ನೀವು ಅಳೆಯುವುದು ಕಲಿಕೆಯನ್ನಲ್ಲ, ಕೆಟ್ಟ ಬಟನ್ನನ್ನು.

ಈಗ ಕಲಿಕೆಯ ಅಳತೆ. ನಾಲ್ಕು ಆಯ್ಕೆಯ ಹತ್ತು ಪ್ರಶ್ನೆ ಕೊಟ್ಟರೆ ಕಣ್ಣುಮುಚ್ಚಿ ಒತ್ತಿದವರಿಗೂ ಸರಾಸರಿ ಎರಡೂವರೆ ಅಂಕ ಬರುತ್ತದೆ. ಅದಕ್ಕಿಂತ ಫೋಟೊ ತೋರಿಸಿ "ಈ ಕಲ್ಲನ್ನು ಯಾಕೆ ನಿಲ್ಲಿಸಿರಬಹುದು?" ಎಂಬ ಒಂದೇ ಮುಕ್ತ ಪ್ರಶ್ನೆ, ಅಂದರೆ ಆಯ್ಕೆ ಕೊಡದೆ ಅವರ ಮಾತಿನಲ್ಲೇ ಉತ್ತರ ಕೇಳುವ ಪ್ರಶ್ನೆ, ವಾಸಿ. ಫೋಟೊ ಮಾತ್ರ ಚಟುವಟಿಕೆಯಲ್ಲಿ ಇದ್ದದ್ದಲ್ಲ, ಬೇರೆ ವೀರಗಲ್ಲಿನದಾಗಿರಲಿ. ಇಲ್ಲವಾದರೆ ನೆನಪನ್ನಷ್ಟೇ ಅಳೆದಂತಾಗುತ್ತದೆ. ಉತ್ತರಕ್ಕೆ 0ಯಿಂದ 3: ಗೊತ್ತಿಲ್ಲ ಎಂದರೆ 0; "ಯಾರೋ ಸತ್ತ ನೆನಪಿಗೆ" ಎಂದರೆ 1; ಹೇಗೆ ಸತ್ತರು ಎಂದೂ ಊಹಿಸಿದರೆ 2; ಆ ಊಹೆಗೆ ಕಲ್ಲಿನ ಮೇಲಿನ ಯಾವ ಚಿತ್ರ ಆಧಾರ ಎಂದೂ ಹೇಳಿದರೆ 3. ಇಬ್ಬರು ಬೇರೆ ಬೇರೆ ಕೂತು ಅವೇ 20 ಉತ್ತರಗಳಿಗೆ ಅಂಕ ಹಾಕಲಿ. ನಾಲ್ಕಕ್ಕಿಂತ ಹೆಚ್ಚು ಕಡೆ ಅಂಕ ಹೊಂದದಿದ್ದರೆ ಅಂಕದ ನಿಯಮ ಮಸುಕಾಗಿದೆ ಎಂದರ್ಥ, ಮತ್ತೆ ಬರೆಯಿರಿ. ಯಾವ ಉತ್ತರ ಚಟುವಟಿಕೆಗೆ ಮೊದಲಿನದು, ಯಾವುದು ನಂತರದ್ದು ಎಂದು ಅಂಕ ಹಾಕುವವರಿಗೆ ಗೊತ್ತಿರಬಾರದು.

ಒಬ್ಬರಿಗೇ ಮೊದಲೂ ನಂತರವೂ ಅದೇ ಪ್ರಶ್ನೆ ಕೇಳಬೇಡಿ. ಮೊದಲ ಪ್ರಶ್ನೆಯೇ "ಇದನ್ನು ಹುಡುಕು" ಎಂದು ಕಿವಿಯಲ್ಲಿ ಹೇಳಿದಂತೆ ಆಗುತ್ತದೆ. ಬಂದವರಲ್ಲಿ ಅರ್ಧ ಜನರಿಗೆ ಮೊದಲು, ಉಳಿದವರಿಗೆ ನಂತರ, ಕಂಪ್ಯೂಟರೇ ಚೀಟಿ ಎತ್ತಿದ ಹಾಗೆ ಹಂಚಲಿ. ಇಲ್ಲೊಂದು ಹಳ್ಳ ಇದೆ. 'ನಂತರ'ದ ಗುಂಪಿನಲ್ಲಿ ಕೊನೆಯವರೆಗೂ ತಾಳಿದ ಆಸಕ್ತರು ಮಾತ್ರ ಉಳಿದಿರುತ್ತಾರೆ. 'ಮೊದಲಿ'ನ ಗುಂಪಿನಲ್ಲಿ ಇಣುಕಿ ಹೋದವರೂ ಇದ್ದಾರೆ. ಹಾಗೇ ಹೋಲಿಸಿದರೆ ಏನೂ ಕಲಿಸದ ಚಟುವಟಿಕೆಯೂ ಕಲಿಸಿದಂತೆ ಕಾಣುತ್ತದೆ. ಆದ್ದರಿಂದ ಮೊದಲಿನ ಗುಂಪಿನಲ್ಲೂ ಪೂರ್ತಿ ಮುಗಿಸಿದವರನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ಎಷ್ಟು ಜನ ಬೇಕು? ಒಂದೊಂದು ಗುಂಪಿನಲ್ಲಿ 100 ಮಂದಿ ಇದ್ದರೂ, 2 ಅಥವಾ ಹೆಚ್ಚು ಅಂಕ ಪಡೆದವರ ಶೇಕಡಾವಾರಿನಲ್ಲಿ 14ರಷ್ಟು ವ್ಯತ್ಯಾಸ ಬರೀ ಅದೃಷ್ಟದಿಂದಲೂ ಬರಬಹುದು. ಶೇ. 50 ಇದ್ದದ್ದು 58 ಆಯಿತೆಂದು ಪತ್ರಿಕಾ ಹೇಳಿಕೆ ಕೊಡಬೇಡಿ. 30 ಜನರಷ್ಟೇ ಸಿಕ್ಕರೆ ಶೇಕಡಾ ಬಿಟ್ಟು "30ರಲ್ಲಿ 19" ಎಂದೇ ಬರೆಯಿರಿ.

ಕನ್ನಡದ್ದೇ ತೊಡಕುಗಳೂ ಇವೆ. ನಾಯಿಯ ಹೆಸರು ಟೈಪ್ ಮಾಡಿ ಎಂದರೆ ಕಾಳಿ, ಕಾಲಿ, ಇಂಗ್ಲಿಷ್ ಅಕ್ಷರದ ಕಾಳಿ, ಮೂರೂ ಬರುತ್ತವೆ. ಅಕ್ಷರಕ್ಕೆ ಅಕ್ಷರ ಹೊಂದಿಸುವ ಪ್ರೋಗ್ರಾಂ ಎರಡನ್ನು ತಪ್ಪೆನ್ನುತ್ತದೆ. 'ಕೋ'ದಂಥ ಅಕ್ಷರ ಯೂನಿಕೋಡಿನಲ್ಲಿ (ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಕೊಟ್ಟಿರುವ ಸಂಕೇತಗಳ ಪದ್ಧತಿ) ಒಂದಕ್ಕಿಂತ ಹೆಚ್ಚು ರೀತಿ ಕೂಡಿಕೊಳ್ಳುತ್ತದೆ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಹೋಲಿಸುವ ಮುಂಚೆ ಎಲ್ಲವನ್ನೂ ಒಂದೇ ರೂಪಕ್ಕೆ ತರಲು ಪ್ರೋಗ್ರಾಂ ಬರೆಯುವವರಿಗೆ ಹೇಳಿ. ಕನ್ನಡ ಟೈಪ್ ಮಾಡುವುದೇ ಎಷ್ಟೋ ಜನಕ್ಕೆ ತಲೆನೋವು, ಹಾಗಾಗಿ ಮುಕ್ತ ಪ್ರಶ್ನೆಗೆ ಧ್ವನಿ ಉತ್ತರಕ್ಕೂ ಅವಕಾಶ ಇರಲಿ. ಇಲ್ಲದಿದ್ದರೆ ಒಂದು ಪದದ ಉತ್ತರ ಬಂದು, ಅದನ್ನು ಅಜ್ಞಾನ ಎಂದುಕೊಳ್ಳುತ್ತೀರಿ.

ಶಾಲೆಗಳ ಲೆಕ್ಕ ಬೇರೆಯೇ ಇಡಬೇಕು. ಮೇಷ್ಟ್ರು ಸ್ಮಾರ್ಟ್‌ಬೋರ್ಡಿನಲ್ಲಿ ತೆರೆದರೆ 40 ಮಕ್ಕಳು 'ಒಬ್ಬ ಬಳಕೆದಾರ', ಉತ್ತರ ಮುಂದಿನ ಬೆಂಚಿನದು. "ಒಬ್ಬರೇ ನೋಡುತ್ತಿದ್ದೀರಾ, ತರಗತಿಯಲ್ಲಾ?" ಎಂದು ಆರಂಭದಲ್ಲೇ ಒಂದು ಬಟನ್ ಇಡಿ. ಮಕ್ಕಳ ಹೆಸರು, ಫೋನ್ ನಂಬರ್ ಕೇಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ವೈಯಕ್ತಿಕ ಮಾಹಿತಿಗೆ ಪೋಷಕರ ಖಾತರಿಯಾದ ಒಪ್ಪಿಗೆ ಬೇಕು. ತರಗತಿ ಮತ್ತು ತಾಲ್ಲೂಕು ಇಷ್ಟು ಸಾಕು.

ಕೊನೆಯದು, ಹೆಚ್ಚಿನವರು ಬಿಟ್ಟುಬಿಡುವಂಥದ್ದು. ಒಪ್ಪಿದ 10–15 ದೊಡ್ಡವರಿಗೆ ಎರಡು ವಾರದ ನಂತರ ಫೋನ್ ಮಾಡಿ. "ನೆನಪಿದೆಯಾ?" ಎನ್ನಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ಆಮೇಲೆ ಯಾರ ಹತ್ತಿರವಾದರೂ ಇದರ ಬಗ್ಗೆ ಮಾತಾಡಿದಿರಾ? ಏನು ಹೇಳಿದಿರಿ?" ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.